ಮನಸ್ಸಾಕ್ಷಿ ಒಪ್ಪಿದರೆ ಸಾಕೇ, ದೇವರ ನಡೆಸುವಿಕೆಗೆ ಕಾಯಬೇಕೇ?

ಒಂದು ತೀರ್ಮಾನ ಮಾಡುವಾಗ ಮನಸ್ಸಾಕ್ಷಿ ಒಪ್ಪಿದರೆ ಸಾಕೋ, ಇಲ್ಲ ದೇವರೇ ದಾರಿ ತೋರಿಸಲಿ ಅಂತ ಕಾಯಬೇಕೋ ಅಂತ ನೀವು ಬರೆದು ಕೇಳಿದ್ದೀರಿ. ಇದೇ ಗೊಂದಲದಲ್ಲಿ ನಾನೊಂದು ಸಾಲಕ್ಕೆ ಜಾಮೀನು ಹಾಕಿದ್ದೆ. ನಮ್ಮ ಚರ್ಚ್ ಸಭೆಯ ಸ್ನೇಹಿತರೊಬ್ಬರು ಕೇಳಿದ್ದರು. ಪ್ರಾರ್ಥಿಸಿದೆ, ಮನಸ್ಸಿಗೆ ಸಮಾಧಾನವಾಯಿತು, ಇದು ದೇವರ ಚಿತ್ತವೇ ಅಂದುಕೊಂಡು ಸಹಿ ಮಾಡಿದೆ. ಮೂರನೇ ಕಂತಿಗೇ ಅವರು ಕೈಚೆಲ್ಲಿದರು, ಉಳಿದದ್ದೆಲ್ಲ ನನ್ನ ತಲೆಗೆ ಬಂತು.

ತಪ್ಪಾದದ್ದು ಸಹಿಗಿಂತ ಮುಂಚೆ. "ಆಗಲಿ, ಹಾಕ್ತೀನಿ" ಅಂತ ಮಾತು ಕೊಟ್ಟ ಮೇಲೆ ನಾನು ಪ್ರಾರ್ಥನೆಗೆ ಕೂತಿದ್ದೆ. ಎದುರಿಗೆ ನಿಂತು "ಇಲ್ಲ" ಅನ್ನುವ ಸಂಕಟ ಅಷ್ಟರಲ್ಲಾಗಲೇ ತಪ್ಪಿತ್ತು. ಆ ನಿರಾಳವನ್ನೇ ಪವಿತ್ರಾತ್ಮನ ಸಮಾಧಾನ ಅಂದುಕೊಂಡೆ. ಎರಡೂ ಎದೆಯೊಳಗೆ ಒಂದೇ ತರಹ ಅನ್ನಿಸುತ್ತವೆ, ಅದೇ ತೊಂದರೆ. ಮಾತು ಕೊಡುವ ಮುಂಚೆ ಕೇಳಿದ್ದರೆ ಕಸಿವಿಸಿಯೂ ಬರುವುದಕ್ಕೆ ಜಾಗವಿರುತ್ತಿತ್ತು. ಬೈಬಲಿನ ಜ್ಞಾನೋಕ್ತಿ 22:26 ಪರರ ಸಾಲಕ್ಕೆ ಹೊಣೆಯಾಗಬೇಡ ಅಂತ ನೇರವಾಗಿ ಹೇಳುತ್ತದೆ. ಆ ಅಧ್ಯಾಯ ನಾನು ಎಷ್ಟೋ ಸಲ ಓದಿದ್ದೆ, ಆದರೆ ಆ ದಿನ ಪುಸ್ತಕ ತೆರೆಯಲೇ ಇಲ್ಲ.

ಹಾಗಾಗಿ ನಿಮ್ಮ "ಇದೋ, ಅದೋ" ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ಮನಸ್ಸಾಕ್ಷಿ ಸಾಕ್ಷಿ ಮಾತ್ರ, ನ್ಯಾಯಾಧಿಪತಿಯಲ್ಲ. ಅದು "ಬೇಡ" ಅಂದರೆ ನಿಲ್ಲಲೇಬೇಕು: ಇದನ್ನು ತಿನ್ನಬಹುದೋ ಇಲ್ಲವೋ ಅಂತ ಸಂಶಯಪಡುತ್ತಲೇ ತಿನ್ನುವವನು ತಪ್ಪಿತಸ್ಥ ಅನ್ನುತ್ತದೆ ರೋಮಾಪುರದವರಿಗೆ 14:23. ಆದರೆ ಅದು "ಸರಿ" ಅಂದರೆ ಅಷ್ಟಕ್ಕೇ ಹೊರಡುವಂತಿಲ್ಲ. 1 ಕೊರಿಂಥ 4:4ರಲ್ಲಿ ಅಪೊಸ್ತಲ ಪೌಲನೇ ಹೇಳುತ್ತಾನೆ, ನನ್ನ ಮನಸ್ಸಿನಲ್ಲಿ ದೋಷ ಕಾಣದಿದ್ದರೂ ಅದರಿಂದ ನಾನು ನಿರ್ದೋಷಿಯಾಗಲಿಲ್ಲ ಅಂತ. ಅವನಿಗೆ ಚೆನ್ನಾಗಿ ಗೊತ್ತಿತ್ತು. ವಿಶ್ವಾಸಿಗಳನ್ನು ಹಿಡಿದು ಸೆರೆಗೆ ಹಾಕಿಸುವಾಗಲೂ ಅದು ತನ್ನ ಕರ್ತವ್ಯ ಅಂದುಕೊಂಡಿದ್ದವನು (ಅಪೊಸ್ತಲರ ಕೃತ್ಯಗಳು 26:9).

"ಬೇಡ" ಅನ್ನುವಾಗಲೂ ಮನಸ್ಸಾಕ್ಷಿ ಕಲಿತದ್ದನ್ನೇ ಹೇಳುತ್ತದೆ. ಅಪೊಸ್ತಲರ ಕೃತ್ಯಗಳು 10ರಲ್ಲಿ ಯೇಸುವಿನ ಶಿಷ್ಯ ಪೇತ್ರನಿಗೆ ಒಂದು ದರ್ಶನದಲ್ಲಿ ಎಲ್ಲ ತರಹದ ಪ್ರಾಣಿಗಳು ಕಾಣುತ್ತವೆ, "ಕೊಂದು ತಿನ್ನು" ಅನ್ನುವ ಮಾತು ಕೇಳುತ್ತದೆ. "ಅಶುದ್ಧವಾದದ್ದನ್ನು ಎಂದೂ ತಿಂದವನಲ್ಲ" ಅಂತ ಪೇತ್ರ ಎದುರಾಡಿದ್ದು ಸ್ವತಃ ದೇವರ ಮಾತಿಗೆ. ಆ ದರ್ಶನ ಮೂರು ಸಲ ಆಗಬೇಕಾಯಿತು. ಅಂಥ ಕಡೆ ಮನಸ್ಸಾಕ್ಷಿಯನ್ನು ತುಳಿದು ಮುಂದೆ ಹೋಗಬೇಡಿ, ದೇವರ ವಾಕ್ಯದಿಂದ, ಅಂದರೆ ಬೈಬಲಿನಿಂದ, ಅದಕ್ಕೆ ಕಲಿಸಿ, ಆಮೇಲೆ ಹೋಗಿ.

ದೇವರ ಚಿತ್ತಕ್ಕೆ ಗುರುತು ಕೇಳುವವರು ಗಿದ್ಯೋನನ ಉಣ್ಣೆಯನ್ನು ಎತ್ತಿ ಹೇಳುತ್ತಾರೆ: ಅವನು ಉಣ್ಣೆ ಹಾಸಿ, ಅದರ ಮೇಲೆ ಮಾತ್ರ ಮಂಜು ಬೀಳಲಿ ಅಂತ ದೇವರಲ್ಲಿ ಗುರುತು ಬೇಡಿದ್ದ. ಆದರೆ ಅವನು ಉಣ್ಣೆ ಹಾಸಿದ್ದು ದೇವರು ಯುದ್ಧಕ್ಕೆ ಹೋಗು ಅಂದ ಮೇಲೆ, ಹೋಗಬೇಕೋ ಬೇಡವೋ ಅಂತ ತಿಳಿಯುವುದಕ್ಕಲ್ಲ. "ಬಾಗಿಲು ತೆರೆಯಿತು" ಅನ್ನುವುದೂ ಅಷ್ಟೇ: ದೇವರ ಅಪ್ಪಣೆ ತಪ್ಪಿಸಿ ಓಡಿಹೋಗುತ್ತಿದ್ದ ಪ್ರವಾದಿ ಯೋನನಿಗೂ ಯೊಪ್ಪ ಬಂದರಿನಲ್ಲಿ ತಾರ್ಷೀಷಿನ ಹಡಗು ಸಿದ್ಧವಾಗಿಯೇ ಸಿಕ್ಕಿತು.

ಈಗ ನಾನು ಮೊದಲು ಆ ವಿಷಯದಲ್ಲಿ ವಾಕ್ಯ ನೇರವಾಗಿ ಏನನ್ನುತ್ತದೆ ಅಂತ ಹುಡುಕುತ್ತೇನೆ. ನೇರ ಮಾತು ಸಿಕ್ಕರೆ ಅದರ ಬಗ್ಗೆ ಮತ್ತೆ ನಡೆಸುವಿಕೆ ಕೇಳುವುದಿಲ್ಲ. ಸಿಗದಿದ್ದರೆ, ಇದರಲ್ಲಿ ಲಾಭನಷ್ಟ ಯಾವುದೂ ಇಲ್ಲದ ಇಬ್ಬರು ಪ್ರೌಢ ವಿಶ್ವಾಸಿಗಳನ್ನು ಕೇಳುತ್ತೇನೆ, ಬೇರೆಬೇರೆಯಾಗಿ. ಎಲ್ಲಿಯೂ ತಡೆ ಕಾಣದಿದ್ದರೆ ನನಗೆ ತಿಳಿದಂತೆ ತೀರ್ಮಾನಿಸುತ್ತೇನೆ, ಆಕಾಶವಾಣಿಗೆ ಕಾಯುತ್ತಾ ಕೂರುವುದಿಲ್ಲ.

ನಿಮ್ಮ ವಿಷಯ ಏನು ಅಂತ ನೀವು ಬರೆದಿಲ್ಲ. ಆಗಲೇ ಯಾರಿಗಾದರೂ "ಹ್ಞೂಂ" ಅಂದಿದ್ದರೆ, ಮೊದಲು ಅವರ ಹತ್ತಿರ ಹೋಗಿ "ನಾನಿನ್ನೂ ತೀರ್ಮಾನ ಮಾಡಿಲ್ಲ" ಅಂತ ಹೇಳಿ ಬನ್ನಿ. ಪ್ರಾರ್ಥನೆಗೆ ಆಮೇಲೆ ಕೂತುಕೊಳ್ಳಿ.