ಹಿಂದಿನ ಬೆಂಚಲ್ಲಿ ಸೀನಿಯರ್ ಮೇಡಂ

ಪ್ರಶ್ನೆ: ಸರ್, ಡಿಗ್ರಿ ಕಾಲೇಜಲ್ಲಿ ಎಕನಾಮಿಕ್ಸ್ ಅತಿಥಿ ಉಪನ್ಯಾಸಕಿ, ಸೇರಿ ಎರಡು ವರ್ಷ ಆಯ್ತು. ಈ ಸೆಮಿಸ್ಟರಿಂದ ಒಬ್ರ ಕ್ಲಾಸಲ್ಲಿ ಇನ್ನೊಬ್ರು ಕೂತು ನೋಡ್ಬೇಕಂತೆ, ನನ್ನ ಕ್ಲಾಸಿಗೆ ಸೀನಿಯರ್ ಮೇಡಂ ಬರ್ತಾರೆ. ಈಗ್ಲೇ ಕೈಕಾಲು ನಡುಗ್ತಿದೆ, ತಪ್ಪು ಹುಡುಕೋಕೇ ತಾನೆ ಬರೋದು?

ಉತ್ತರ: ನಡುಗೋದು ಸಹಜ ಕಣಮ್ಮ. ಹೈಸ್ಕೂಲ್ ಮೇಷ್ಟ್ರಿಗೆ ಬಿ.ಎಡ್ ಮಾಡುವಾಗ್ಲೇ ಹಿಂದೆ ಯಾರಾದ್ರೂ ನೋಟ್‌ಬುಕ್ ಹಿಡ್ಕೊಂಡು ಕೂರೋದು ರೂಢಿಯಾಗಿರುತ್ತೆ, ನಮ್ಮಂಥ ಕಾಲೇಜು ಮೇಷ್ಟ್ರನ್ನಾದ್ರೆ ಎಂಎ ಮುಗಿಸಿ ನೆಟ್ಟೋ ಕೆಸೆಟ್ಟೋ ಅನ್ನೋ ಅರ್ಹತಾ ಪರೀಕ್ಷೆ ಬರೆದ್ಮೇಲೆ ನೇರ ಬೋರ್ಡ್ ಮುಂದೆ ನಿಲ್ಲಿಸಿಬಿಡ್ತಾರೆ, ಆಮೇಲೆ ರಿಟೈರ್ ಆಗೋವರೆಗೂ ಬಾಗಿಲ ಒಳಗೆ ಏನಾಗ್ತಿದೆ ಅಂತ ಇಣುಕೋರೇ ಇಲ್ಲ.

ಮೊದ್ಲು ನೀವೇ ಹೋಗಿ ಮೇಡಂ ಕ್ಲಾಸಲ್ಲಿ ಒಂದಿನ ಕೂತ್ಕೊಳ್ಳಿ. ಅವ್ರೂ ಡಸ್ಟರ್ ಎಲ್ಲಿಟ್ಟೆ ಅಂತ ಹುಡುಕೋದು ನೋಡಿದ್ರೆ ಅರ್ಧ ಭಯ ಹೋಗುತ್ತೆ. ಆಮೇಲೆ ಅವರು ಬರೋವಾಗ 'ಎಲ್ಲಾ ನೋಡಿ' ಅನ್ಬೇಡಿ, ಒಂದೇ ಒಂದು ಕೆಲಸ ಒಪ್ಪಿಸಿ. ನಾನೊಮ್ಮೆ ಗೆಳೆಯರೊಬ್ಬರಿಗೆ 'ಯಾರು ಉತ್ತರ ಹೇಳ್ತಾರೆ ಅಷ್ಟು ನೋಡು' ಅಂದಿದ್ದೆ, ಅವ್ರು ಹಾಳೆ ಮೇಲೆ ಬೆಂಚುಗಳ ಚಿತ್ರ ಬರೆದು ಉತ್ತರ ಬಂದಾಗೆಲ್ಲ ಒಂದೊಂದು ಚುಕ್ಕಿ ಇಟ್ಟಿದ್ರು, ನೋಡ್ತೀನಿ, ಎಲ್ಲಾ ಚುಕ್ಕಿ ಎಡಗಡೆಯ ಎರಡೇ ಬೆಂಚಲ್ಲಿ! ಇಡೀ ಕ್ಲಾಸಿಗೆ ಪಾಠ ಮಾಡ್ತಿದೀನಿ ಅಂತ ವರ್ಷಗಟ್ಲೆ ಬೀಗ್ತಿದ್ದೆ ನಾನು.

ಇನ್ನೊಂದು, ಪ್ರಶ್ನೆ ಕೇಳಿ ಎಷ್ಟೊತ್ತು ಕಾಯ್ತೀರಿ ಅಂತ ಎಣಿಸೋಕೆ ಹೇಳ್ಬಹುದು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅನ್ನೋರು 1970ರ ದಶಕದಲ್ಲೇ ಸೈನ್ಸ್ ಕ್ಲಾಸುಗಳ ರೆಕಾರ್ಡಿಂಗ್ ಕೇಳಿ ಲೆಕ್ಕ ಹಾಕಿದ್ರು, ಟೀಚರ್ಸ್ ಕಾಯೋದು ಹೆಚ್ಚೂಕಮ್ಮಿ 1 ಸೆಕೆಂಡ್, 3 ಸೆಕೆಂಡ್ ಕಾದ್ರೆ ಉತ್ತರ ಉದ್ದ ಆಗುತ್ತೆ, ಬಾಯಿ ಬಿಡದೋರೂ ಮಾತಾಡ್ತಾರೆ. ಆ 3 ಸೆಕೆಂಡ್ ಬೋರ್ಡ್ ಮುಂದೆ ನಿಂತೋರಿಗೆ ಯುಗ ಅನ್ಸುತ್ತೆ, ಅದಕ್ಕೇ ಹಿಂದೆ ಕೂತೋರು ಎಣಿಸ್ಬೇಕು.

ಹುಡುಗರಿಗೆ ಮೇಡಂ ಯಾಕೆ ಬಂದಿದ್ದಾರೆ ಅಂತ ಮುಂಚೆನೇ ಹೇಳಿಬಿಡಿ, ಇಲ್ಲಾಂದ್ರೆ ಇನ್ಸ್‌ಪೆಕ್ಷನ್ ಅಂದ್ಕೊಂಡು ಗೊಂಬೆ ಥರ ಕೂರ್ತಾರೆ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿ ನಿಲ್ಲಿ. ಮೇಡಂ ನಿಮ್ಮ ಕ್ಲಾಸಲ್ಲಿ ಕೂತು ಬರ್ಕೊಂಡ ಹಾಳೆ ನಿಮ್ಮ ಹತ್ರಾನೇ ಇರ್ಬೇಕು. ಕಾಲೇಜುಗಳಿಗೆ ಗ್ರೇಡ್ ಕೊಡೋ ನ್ಯಾಕ್ ಸಂಸ್ಥೆಗೆ ತೋರಿಸೋ ಫೈಲಿಗೆ ಬೇಕಂದ್ರೆ ಯಾವ ದಿನ ಯಾರು ಯಾರ ಕ್ಲಾಸಿಗೆ ಹೋದ್ರು ಅಂತ ಬರ್ಕೊಳ್ಳಲಿ, ಅಷ್ಟೇ. ಮುಂದಿನ ವರ್ಷ ಕೆಲಸ ಇರುತ್ತೋ ಇಲ್ವೋ ಅನ್ನೋ ಅತಿಥಿಗಳ ವಿಷಯದಲ್ಲಂತೂ ಆ ಹಾಳೆ ಪ್ರಿನ್ಸಿಪಾಲರ ಟೇಬಲ್ ಮೇಲೆ ಹೋಯ್ತೋ, ಅದು ಸ್ನೇಹ ಅಲ್ಲ, ತನಿಖೆ.

ಕ್ಲಾಸ್ ಮುಗಿದ್ಮೇಲೆ ಅವತ್ತೇ ಟೀ ಕುಡೀತಾ ಕೂತ್ಕೊಳ್ಳಿ, ಮೊದ್ಲು ನೀವು ಮಾತಾಡಿ. ಮೇಡಂ 'ನೀನು ಹೀಗ್ ಮಾಡ್ಬೇಕಿತ್ತು' ಅಂತ ಶುರು ಮಾಡಿದ್ರೆ ನಗ್ತಾನೇ ಕೇಳಿ: ಅದಿರ್ಲಿ ಮೇಡಂ, ಆಗ ಹುಡುಗರು ಏನ್ ಮಾಡ್ತಿದ್ರು?