ಗ್ಯಾಸ್ಟ್ರಿಕ್ ಅಂದ್ಕೊಂಡ್ವಿ ಮೇಡಂ

ಈ ಮಾತನ್ನ ಇತ್ತೀಚೆಗೆ ಬೇರೆ ಬೇರೆ ಬಾಯಲ್ಲಿ ತುಂಬ ಸಲ ಕೇಳಿದೀನಿ, ಅದಕ್ಕೇ ಬರೀತಾ ಇದೀನಿ. ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ, ಬಂದಿದ್ದ ಹುಡುಗನ್ನ ಕೇಳೇ ಬರೀತಿರೋದು.

ಹಾಸನದ ಕಡೆ ಒಂದು ಸಣ್ಣೂರು. ಅಲ್ಲಿ ಇಪ್ಪತ್ತೆಂಟರ ಹುಡುಗ ಒಬ್ಬ ರಾತ್ರಿ ಮಲಗಿದೋನು ಬೆಳಿಗ್ಗೆ ಏಳಲಿಲ್ಲ. ಕೌನ್ಸೆಲಿಂಗಿಗೆ ಅಂತ ನನ್ನ ಹತ್ರ ಬಂದಿದ್ದು ಅವನ ಗೆಳೆಯ. ಊರ ಸರ್ಕಲ್ಲಲ್ಲಿ 'ಮತ್ತೆ ಹುಟ್ಟಿ ಬಾ' ಅಂತ ಹಾಕಿದ್ದ ಫ್ಲೆಕ್ಸ್ ಮಾಸಿದಾಗೆಲ್ಲ ಇವನೇ ಹೊಸದು ಕಟ್ಟಿಸ್ತಿದ್ದ, ಅವನ ಹೆಸರಲ್ಲಿ ವಾಲಿಬಾಲ್ ಟೂರ್ನಮೆಂಟ್ ಮಾಡ್ಬೇಕು ಅಂತ ಸಾಲಕ್ಕೂ ಕೈ ಹಾಕಿದ್ದ, ಆದ್ರೆ ನಾಲ್ಕು ಮನೆ ಆಚೆ ಇರೋ ಆ ಮನೆಗೆ ಮಾತ್ರ ತಿಥಿ ಆದ್ಮೇಲೆ ಕಾಲಿಟ್ಟಿರ್ಲಿಲ್ಲ. 2025ರ ಜೂನ್-ಜುಲೈಲಿ ಟೀವಿಯೋರು ಹಾಸನದ ಹೃದಯಾಘಾತದ ಸಾವುಗಳನ್ನ ದಿನಾ ಲೆಕ್ಕ ಹಾಕಿ ತೋರಿಸ್ತಿದ್ರಲ್ಲ, ಆ ಒಂದೊಂದು ನ್ಯೂಸೂ ಇವನಿಗೆ ಅದೇ ರಾತ್ರಿ ಮತ್ತೆ ಬಂದಂಗೆ.

ಮೂರನೇ ಸಲ ಬಂದಾಗ ಟೂರ್ನಮೆಂಟ್ ಕಪ್ಪಿನ ರೇಟು ಹೇಳ್ತಾ ಹೇಳ್ತಾ ನಿಂತ್ಬಿಟ್ಟ. "ಅವತ್ತು ಸಂಜೆ ಎದೆ ಉರಿ, ಎಡಗೈ ಜೋಮು ಅಂದ ಮೇಡಂ. ಬೋಂಡಾ ತಿಂದಿದೀಯ, ಗ್ಯಾಸ್ಟ್ರಿಕ್ ಕಣೋ ಅಂತ ನಾನೇ ಇನೋ ಕಲಸಿ ಕುಡಿಸ್ದೆ. ತೇಗು ಬಂತು. ನೋಡ್ದಾ ಅಂತ ನಕ್ಕೆ. ಬೈಕಲ್ಲಿ ಮನೆ ಹತ್ರ ಬಿಟ್ಬಂದೆ."

'ನಿಂದೇನೂ ತಪ್ಪಿಲ್ಲ ಬಿಡಪ್ಪ' ಅಂತ ನಾನು ಹೇಳ್ಲಿಲ್ಲ. ಹಂಗಂದ್ರೆ ಅವನ ಬಾಯಿ ಮುಚ್ಚಿಸ್ದಂಗೆ, ಇನ್ನೊಂದ್ಸಲ ಆ ಮಾತು ಎತ್ತಲ್ಲ ಅವನು. ಅದೂ ಅಲ್ಲದೆ ಎದೆ ಉರಿ ಜೊತೆ ಕೈ ಜೋಮು, ಬೆವರು ಅಂದ್ರೆ ತಕ್ಷಣ ಇಸಿಜಿ ಮಾಡಿಸ್ಬೇಕು ಅನ್ನೋದು ನಿಜಾನೇ, ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೇಲಿ ತಾಲೂಕು ಆಸ್ಪತ್ರೇಲೂ ಅದು ಫ್ರೀ ಇದೆ, ಇದನ್ನ ಅವನಿಂದ ಮುಚ್ಚಿಟ್ಟು ನಾನೇನು ಸಮಾಧಾನ ಮಾಡ್ಲಿ? ನಾನಂದಿದ್ದು ಇಷ್ಟು: ಇವತ್ತು ಗೊತ್ತಿರೋದು ಅವತ್ತು ನಿಂಗೆ ಗೊತ್ತಿರ್ಲಿಲ್ಲ, ಅವತ್ತು ಗೊತ್ತಿದ್ದಿದ್ದನ್ನ ನೀನು ಪ್ರೀತಿಯಿಂದಾನೇ ಮಾಡಿದೀಯ.

ಆಮೇಲೆ ಟೂರ್ನಮೆಂಟ್ ಪಕ್ಕಕ್ಕಿಡು, ಅವನ ತಾಯಿ ಹತ್ರ ಹೋಗು ಅಂದೆ. ಕ್ಷಮೆ ಕೇಳೋಕಲ್ಲ. ಆ ಸಂಜೆ ಬಗ್ಗೆ ಕೇಳೋಕೆ ಅವರಿಗೆ ಮನಸಿದೆಯಾ ಅಂತ ಮೊದ್ಲು ಅವರ ಮಗಳ ಕೈಲಿ ಕೇಳ್ಸು, ಬೇಡ ಅಂದ್ರೆ ಸುಮ್ನೆ ವಾಪಸ್ ಬಾ.

ನನ್ನ ಜೊತೆ ಕೆಲಸ ಮಾಡೋರೊಬ್ರು ಇದಕ್ಕೆ ಸಿಟ್ಟಾದ್ರು. ಆ ತಾಯಿ ಕುಸಿದುಬಿದ್ರೆ, ಇವನ ಮೇಲೇ ತಿರುಗಿಬಿದ್ರೆ ಯಾರು ಹೊಣೆ ಅಂದ್ರು. ಆ ವಾರ ನಂಗೂ ನಿದ್ದೆ ಬರ್ಲಿಲ್ಲ. ಆದ್ರೆ ಸಣ್ಣೂರಲ್ಲಿ ಯಾವ್ದೂ ಮುಚ್ಚಿಡೋಕಾಗಲ್ಲ, ಇನೋ ಕೊಟ್ಟ ಅಂಗಡಿಯೋನೂ ಅದೇ ಬೀದೀಲಿರ್ತಾನೆ, ನಾಳೆ ಯಾರದೋ ಬಾಯಿಂದ ಆ ತಾಯಿ ಕಿವಿಗೆ ಬಿದ್ರೆ ಅದು ಚಾಡಿ ಆಗಿ ಬೀಳುತ್ತೆ. ಇನ್ನೂ ದೊಡ್ಡ ವಿಷಯ, ಮಗನ ಕೊನೇ ಸಂಜೆ ಇವನೊಬ್ಬನ ಹತ್ರ ಇತ್ತು. ಅದು ಅವರಿಗೂ ಸೇರ್ಬೇಕಾದ್ದು. ಇವತ್ತು ಕೇಳಿದ್ರೂ ನಾನು ಅದೇ ಹೇಳೋದು.

ಹೋದ. ಅವರು ಕೇಳಿದ ಮೊದಲ್ನೇ ಪ್ರಶ್ನೆ, "ಏನ್ ತಿಂದಿದ್ದ ಅವತ್ತು? ಅನ್ನ ಬೇಡ ಅಂದ್ಬುಟ್ಟ." ಇವನು ಬೋಂಡಾ ಅಂದ, ಇನೋ ವಿಷಯಾನೂ ಹೇಳ್ದ. ತುಂಬ ಹೊತ್ತು ಸುಮ್ನಿದ್ದು, "ನಾನೂ ಜೀರಿಗೆ ಕಷಾಯ ಕೊಟ್ಟು ಮಲಗ್ಸಿದೆ ಕಣಪ್ಪ" ಅಂದ್ರಂತೆ.

ಎಂಟು ತಿಂಗಳು. ನಾಲ್ಕು ಮನೆ ಅಂತರ.

ಎಲ್ಲಾ ಸರಿಹೋಯ್ತು ಅಂತಲ್ಲ. ನಿದ್ದೆ ಇನ್ನೂ ಕೆಡುತ್ತೆ, ಅದಕ್ಕೆ ಮನೋವೈದ್ಯರ ಹತ್ರ ಕಳಿಸಿದೀನಿ. ನಿಮ್ಮೂರಲ್ಲೂ ತಿಂಗಳುಗಟ್ಲೆ ಆದ್ರೂ ಹಿಂಗೇ ಒದ್ದಾಡೋರಿದ್ರೆ 14416ಕ್ಕೆ, ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ ಫೋನ್ ಮಾಡಿಸಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ಈಗ ಸರ್ಕಲ್ಲಲ್ಲಿ ಫ್ಲೆಕ್ಸ್ ಇಲ್ಲ. ಇಳಿಸೋಕೆ ಹೇಳಿದ್ದು ಆ ತಾಯಿನೇ, "ಬಿಸಿಲಲ್ಲಿ ಒಣಗ್ತಾವ್ನೆ, ಮನೇಗ್ ತಕ್ಕೊಂಡ್ ಬಾ" ಅಂತ.