ಕ್ಯಾನ್ಸರ್‌ಗೆ ಕೀಮೋ ನಡೆಯುವಾಗ ಅಡುಗೆ ವಾಸನೆಗೇ ವಾಕರಿಕೆ ಬರುತ್ತೆ, ಏನು ಮಾಡೋದು?

ನಮ್ಮ ದಾವಣಗೆರೆ ಮನೆಯಲ್ಲೂ ಇದೇ ಆಗಿತ್ತು. ಎರಡನೇ ಕೀಮೋ ಆದ ಮೇಲೆ, ಮೂರು ಮನೆ ಆಚೆ ಮಿರ್ಚಿ ಕರಿದರೂ ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ದಯವಿಟ್ಟು ಇದನ್ನು ನಖರಾ ಅನ್ನಬೇಡಿ. ಬೇಗ ಬೇಗ ಹುಟ್ಟುವ ಜೀವಕೋಶಗಳಿಗೆ ಕೀಮೋ ಪೆಟ್ಟು ಕೊಡುತ್ತದೆ. ಮೂಗು, ನಾಲಿಗೆಯಲ್ಲೂ ಅಂಥ ಕೋಶಗಳಿವೆ.

ನಮಗೆ ಜಾಸ್ತಿ ಕೈಹಿಡಿದದ್ದು ತಣ್ಣಗಿನ ಊಟ. ಬಿಸಿ ಅನ್ನದ ಆವಿ ಜೊತೆ ವಾಸನೆ ಏಳುತ್ತದೆ, ತಣ್ಣಗಿದ್ದರೆ ಅಷ್ಟಿಲ್ಲ. ಮೊಸರನ್ನ ಕಲಸಿ ಫ್ರಿಜ್‌ನಲ್ಲಿಟ್ಟು ಕೊಡುತ್ತಿದ್ದೆ. ಒಗ್ಗರಣೆ ಇಲ್ಲ, ಉಪ್ಪು ಅಷ್ಟೇ. ಮಜ್ಜಿಗೆ ಮುಚ್ಚಳದ ಲೋಟದಲ್ಲಿ, ಸ್ಟ್ರಾ ಹಾಕಿ. ಹೊರಗೆ ಗಂಟೆಗಟ್ಟಲೆ ಇಟ್ಟದ್ದು ಮಾತ್ರ ಬೇಡ, ಸೋಂಕಿನ ಭಯ ಇರುತ್ತದೆ. ಇನ್ನೊಂದು ಮುಖ್ಯ ಮಾತು: ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧಿ ಕೊಡುತ್ತಿದ್ದರೆ ತಣ್ಣಗಿನದು ಆಗಿಬರಲ್ಲ, ಗಂಟಲು, ಕೈ ಜುಮ್ಮೆನ್ನುತ್ತವೆ. ಡಾಕ್ಟರನ್ನು ಕೇಳಿಯೇ ಕೊಡಿ.

ಕರಿಯುವುದು, ಒಗ್ಗರಣೆ ಹಾಕುವುದು ಅವರು ಮಹಡಿ ಮೇಲೋ ಪಕ್ಕದ ಮನೆಯಲ್ಲೋ ಇದ್ದಾಗ ಮುಗಿಸಿ. ಊದಿನಕಡ್ಡಿ, ಘಮ್ಮೆನ್ನುವ ಸೋಪು ಸ್ವಲ್ಪ ದಿನ ದೂರ ಇರಲಿ.

ಕೀಮೋ ದಿನ ಅವರಿಗೆ ಇಷ್ಟದ ತಿಂಡಿ ಕೊಡಬೇಡಿ. ನಾನು ಪ್ರೀತಿಯಿಂದ ಬೆಣ್ಣೆ ದೋಸೆ ತಂದಿದ್ದೆ. ವಾಂತಿಯಾಯಿತು. ಆಮೇಲೆ ತಿಂಗಳುಗಟ್ಟಲೆ ಅದರ ಹೆಸರೆತ್ತಿದರೂ ಮುಖ ತಿರುಗಿಸುತ್ತಿದ್ದಳು.

ವಾಂತಿ ಮಾತ್ರೆ ಸಾಲುತ್ತಿಲ್ಲ ಅನಿಸಿದರೆ ಸುಮ್ನೆ ಸಹಿಸಬೇಡಿ, ಬೇರೆ ಮಾತ್ರೆಗಳಿವೆ. ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಜ್ವರ ಬಂದರೆ, ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ. ಚಿಕಿತ್ಸೆ ಮುಗಿದ ಮೇಲೆ ಹೆಚ್ಚಿನವರಿಗೆ ಕೆಲವು ವಾರ, ತಿಂಗಳುಗಳಲ್ಲಿ ಈ ವಾಸನೆಯ ತೊಂದರೆ ಸರಿಹೋಗುತ್ತದೆ.